ಹವಳದ ತೊಟ್ಟಿಯಲ್ಲಿ ಬೆಳಕು ಮತ್ತು ಪಾಚಿ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಿಂದ ಸಮುದ್ರ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಗಾಜಿನ ತೊಟ್ಟಿಯೊಂದರಲ್ಲಿ ಪುಟ್ಟ ಸಮುದ್ರವನ್ನು ಕಟ್ಟಬಹುದು. ಲೀಟರಿಗೆ ಸುಮಾರು 35 ಗ್ರಾಂ ಲವಣ ಬೇಕು. ಅಡುಗೆ ಉಪ್ಪು ಸಾಲದು; ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಸಮುದ್ರ ಲವಣದ ಮಿಶ್ರಣವೇ ಆಗಬೇಕು. ಹೀಗೆ ಸಿದ್ಧವಾದ ತೊಟ್ಟಿಯ ಗಾಜು ಕೆಲವೇ ವಾರಗಳಲ್ಲಿ ಕೆರೆಯ ಮೆಟ್ಟಿಲಿನಂತೆ ಹಸುರಾಗುವುದನ್ನು ನೀವು ಕಾಣುವಿರಿ. ಏಕೆ?

ಹವಳ ಒಂದು ಪ್ರಾಣಿ. ಆದರೆ ಅದರ ಆಹಾರದ ಬಹುಪಾಲನ್ನು ತಯಾರಿಸುವುದು ಅದರ ಅಂಗಾಂಶದೊಳಗೆ ನೆಲೆಸಿರುವ ಜೂಜಾಂಥೆಲೆ ಎಂಬ ಏಕಕೋಶ ಪಾಚಿ. ಸಮುದ್ರದ ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಹವಳದ ತೊಟ್ಟಿಯ ಎಲ್‌ಇಡಿ ದೀಪಗಳಲ್ಲಿ 430ರಿಂದ 460 ನ್ಯಾನೊಮೀಟರ್ ತರಂಗದೂರದ ನೀಲಿ ಹೆಚ್ಚಿರುತ್ತದೆ. ದಿನಕ್ಕೆ 8-9 ಗಂಟೆ ಸಾಕು. ಕಿಟಕಿಯ ಬಿಸಿಲು ಬೇಡ. ಅದು ನೀರನ್ನೂ ಕಾಯಿಸುತ್ತದೆ. ನೀರು ಬಹಳ ಕಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ.

ತೊಡಕು ಇಲ್ಲಿದೆ. ಬೇಕಾದ ಪಾಚಿಗೂ ಬೇಡದ ಪಾಚಿಗೂ ಬೆಳಕು ಒಂದೇ. ದೀಪ ಆರಿಸಿದರೆ ಹವಳವೂ ಸೊರಗುತ್ತದೆ. ಹಾಗಾಗಿ ಹತೋಟಿ ಇರಬೇಕಾದದ್ದು ಮುಖ್ಯವಾಗಿ ಪೋಷಕಾಂಶಗಳ ಮೇಲೆ.

ಸಮುದ್ರದ ಸೂಕ್ಷ್ಮ ತೇಲುಸಸ್ಯಗಳಲ್ಲಿ ರಂಜಕದ 1 ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳಿರುತ್ತವೆ ಎಂಬ ಸರಾಸರಿ ಅನುಪಾತಕ್ಕೆ ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಅವರ ಹೆಸರಿದೆ. ಅವರು ಇದರ ಬಗ್ಗೆ ಮೊದಲು ಬರೆದದ್ದು 1934ರಲ್ಲಿ. ಪರಮಾಣು ತೂಕ ಹಾಕಿ ಲೆಕ್ಕ ಮಾಡಿ: ಒಂದು ಗ್ರಾಂ ರಂಜಕ ಸಿಕ್ಕರೆ ಪಾಚಿಯು ಸುಮಾರು 41 ಗ್ರಾಂ ಇಂಗಾಲವನ್ನು ತನ್ನ ಮೈಯಾಗಿಸಿಕೊಳ್ಳಬಲ್ಲದು! ಮೀನಿಗೆ ಹಾಕಿದ ಹೆಚ್ಚುವರಿ ಚಿಟಿಕೆ ಆಹಾರ ಎಲ್ಲಿಗೆ ಹೋಯಿತೆಂದು ಈಗ ತಿಳಿಯಿತಲ್ಲ.

ಇನ್ನೊಂದು ಮೂಲ ನಮ್ಮ ನೀರೇ. ಗೊಬ್ಬರ ಹಾಕಿದ ಗದ್ದೆಗಳ ನಡುವಿನ ಬಾವಿಯ ನೀರಿನಲ್ಲಿ ನೈಟ್ರೇಟ್ ಇರುವ ಸಾಧ್ಯತೆಯುಂಟು. ಆವಿಯಾಗುವುದು ನೀರು ಮಾತ್ರ, ಕರಗಿದ್ದು ತೊಟ್ಟಿಯಲ್ಲೇ ಉಳಿಯುತ್ತದೆ. ದಿನವೂ ಬಾವಿ ನೀರನ್ನೇ ತುಂಬಿಸುತ್ತ ಹೋದರೆ ನೈಟ್ರೇಟ್ ಸಂಚಯವಾಗುತ್ತದೆ. ಆರ್‌ಒ ಅಥವಾ ಬಟ್ಟಿ ಇಳಿಸಿದ ನೀರನ್ನೇ ಬಳಸಿ.

ಕೆಲವರು ಪಾಚಿಗೆ ಮೈಲುತುತ್ತ ಹಾಕುತ್ತಾರೆ. ಹವಳದ ತೊಟ್ಟಿಗೆ ಇದು ವಿಷ. ತಾಮ್ರವು ಬಸವನಹುಳು, ಸೀಗಡಿ, ಹವಳಗಳನ್ನು ಕೊಲ್ಲುತ್ತದೆ. ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕುವುದೇ ಮೇಲು, ಏಕೆಂದರೆ ಅದರೊಂದಿಗೆ ರಂಜಕವೂ ಹೊರಹೋಗುತ್ತದೆ. ಪಕ್ಕದ ಚಿಕ್ಕ ತೊಟ್ಟಿಯಲ್ಲಿ ಕೀಟೊಮಾರ್ಫಾದಂತಹ ದೊಡ್ಡ ಪಾಚಿಯನ್ನು ಬೆಳೆಸಿ ಆಗಾಗ ಕೊಯ್ಯುವುದೂ ಇದೇ ಉಪಾಯ. ಅದಕ್ಕೆ ರಾತ್ರಿ ದೀಪ ಹಾಕಿದರೆ, ಉಸಿರಾಟದಿಂದ ಹೆಚ್ಚುವ ಕಾರ್ಬನ್ ಡೈಆಕ್ಸೈಡನ್ನು ಅದು ಹೀರಿ ಪಿಎಚ್ ಕುಸಿಯದಂತೆ ತಡೆಯುತ್ತದೆ.

ಶಿಕ್ಷಕರಿಗೊಂದು ಮಾತು. ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದ ಒಂದು ತುಂಡನ್ನು ಮುರಿದು ತರುವುದೂ ಅಪರಾಧ. ಶಾಲೆಯ ತೊಟ್ಟಿಯಲ್ಲಿ ಮೀನು, ದೊಡ್ಡ ಪಾಚಿ ಇದ್ದರೆ ಸಾಕು. ಹವಳವಿಲ್ಲದಿದ್ದರೆ ಪ್ರಖರ ದೀಪವೂ ಬೇಕಿಲ್ಲ.

ತೊಟ್ಟಿಯೇ ಇಲ್ಲದವರೂ ಈ ಪ್ರಯೋಗ ಮಾಡಬಹುದು. ಮೂರು ಗಾಜಿನ ಸೀಸೆಗಳಿಗೆ ಒಂದೊಂದು ಲೀಟರ್ ಕೆರೆ ನೀರು ತುಂಬಿ. ಎರಡನೆಯದಕ್ಕೂ ಮೂರನೆಯದಕ್ಕೂ ಡಿಎಪಿ ಗೊಬ್ಬರದ ಒಂದೊಂದು ಕಾಳು ಹಾಕಿ. ಮೂರನೆಯದಕ್ಕೆ ಕಪ್ಪು ಕಾಗದ ಸುತ್ತಿ. ಮೂರನ್ನೂ ಬೆಳಕಿರುವ ಕಿಟಕಿಯಲ್ಲಿಟ್ಟು ಎರಡು ವಾರ ನೋಡಿ. ಎರಡನೆಯದು ಹೆಚ್ಚು ಹಸುರಾಗಬೇಕು, ಮೂರನೆಯದು ಆಗಬಾರದು. ಅನಂತರ ಮೂರನೆಯದರ ಕಾಗದ ಬಿಚ್ಚಿ ಮತ್ತೆರಡು ವಾರ ಬಿಡಿ. ಗೊಬ್ಬರ ಅಲ್ಲಿಯೇ ಕಾದು ಕುಳಿತಿತ್ತೇ ಎಂಬುದು ನೀರಿನ ಬಣ್ಣದಿಂದಲೇ ಗೊತ್ತಾಗುತ್ತದೆ.