ಹಿತ್ತಿಲ ಕೋಳಿ ಮತ್ತು ಕೊಕ್ಕರೆ ರೋಗ

ಊರಿನಿಂದ ಮುಂಬಯಿಗೆ ಬರುವ ವರ್ತಮಾನಗಳ ನಡುವೆ ಒಂದು ಮಾತು ಆಗಾಗ ಕೇಳಿಬರುತ್ತದೆ: "ಕೋಳಿಗಳೆಲ್ಲ ಸತ್ತುಹೋದುವು, ಮಗ." ಮಳೆ, ಬೆಳೆ, ನೆಂಟರ ಮದುವೆಗಳ ನಡುವೆ ತಾಯಿ ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. "ಹೋಗಲಿ ಬಿಡಮ್ಮ, ಹಣ ಕಳಿಸುತ್ತೇನೆ, ಬೇರೆ ಕೊಂಡುಕೋ" ಎಂದು ಮಗ ಸಮಾಧಾನ ಹೇಳುತ್ತಾನೆ. ಆದರೆ ಆ ಹತ್ತು ಹನ್ನೆರಡು ಕೋಳಿಗಳು ಅವಳ ಸ್ವಂತ ಖಜಾನೆ. ಮೊಟ್ಟೆ ಮಾರಿ ಬಂದ ಹಣಕ್ಕೆ ಅವಳು ಮಗನಿಗಾಗಲಿ ಸೊಸೆಗಾಗಲಿ ಲೆಕ್ಕ ಒಪ್ಪಿಸಬೇಕಾಗಿಲ್ಲ. ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಕಾಣದ ಈ ಆಸ್ತಿ ನಾಲ್ಕೈದು ದಿನಗಳಲ್ಲಿ ಶೂನ್ಯವಾಗುತ್ತದೆ. ಮಗ ಕಳಿಸಿದ ಹಣದಿಂದ ಸಂತೆಯಲ್ಲಿ ಕೊಂಡ ಹೊಸ ಕೋಳಿಗಳೂ ಅದೇ ಗೂಡು ಸೇರಿ ಅದೇ ದಾರಿ ಹಿಡಿಯುವುದುಂಟು.

ಈ ಮಾರಿಗೆ ಕನ್ನಡನಾಡಿನಲ್ಲಿ ಕೊಕ್ಕರೆ ರೋಗವೆಂದು ಹೆಸರು. ಪಶುವೈದ್ಯರು ಇದನ್ನು ರಾಣಿಖೇತ್ ರೋಗವೆನ್ನುತ್ತಾರೆ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಕಾಣಿಸಿಕೊಂಡ ಈ ವ್ಯಾಧಿ ಸ್ವಲ್ಪ ಕಾಲದಲ್ಲಿಯೇ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಪತ್ತೆಯಾಯಿತು. ಆ ಸುಂದರ ಗಿರಿಧಾಮಕ್ಕೆ ಇಂಥ ಕೀರ್ತಿ ಬೇಕಿರಲಿಲ್ಲ!

ರೋಗಕ್ಕೆ ಕಾರಣ ಒಂದು ವೈರಸ್. ಅದು ದೇಹವನ್ನು ಸೇರಿದ ಸುಮಾರು ಐದಾರು ದಿನಗಳಲ್ಲಿ ಕೋಳಿ ಮೇವು ಬಿಟ್ಟು ರೆಕ್ಕೆ ಇಳಿಬಿಟ್ಟುಕೊಂಡು ತೂಕಡಿಸತೊಡಗುತ್ತದೆ. ಹಸಿರು ಮಿಶ್ರಿತ ಬಿಳಿ ಭೇದಿಯಾಗುತ್ತದೆ. ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಕೆಲವು ಕೋಳಿಗಳ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಾಲು ಬೀಳುತ್ತದೆ. ರೋಗ ತೀವ್ರವಾದಾಗ ಲಸಿಕೆ ಕಾಣದ ಗೂಡಿನಲ್ಲಿ ನೂರಕ್ಕೆ ತೊಂಬತ್ತು ಸತ್ತರೂ ಆಶ್ಚರ್ಯವಿಲ್ಲ.

ರೋಗ ಹರಡುವುದರಲ್ಲಿ ಮನುಷ್ಯನ ಪಾತ್ರವೇ ದೊಡ್ಡದು. ಒಂದು ಕೋಳಿ ತೂಕಡಿಸಿದೊಡನೆ, ಉಳಿದವು ಸಾಯುವ ಮೊದಲೇ ಮಾರಿಬಿಡೋಣವೆಂದು ಸಂತೆಗೆ ಒಯ್ಯುವವರಿದ್ದಾರೆ. ಬಡವರ ಆ ಲೆಕ್ಕ ಅರ್ಥವಾಗುವಂಥದೇ. ಆದರೆ ಆ ಬುಟ್ಟಿಯೊಡನೆ ರೋಗವೂ ನಾಲ್ಕು ಊರುಗಳಿಗೆ ಹೋಗುತ್ತದೆ. ದಕ್ಷಿಣ ಕನ್ನಡ, ಉಡುಪಿಗಳ ಕಡೆ ಕೋಳಿ ಅಂಕದಿಂದ ಮರಳಿದ ಹುಂಜವೂ ಇದನ್ನು ತರಬಲ್ಲುದು. ಹಿಕ್ಕೆ ಮೆಟ್ಟಿದ ಚಪ್ಪಲಿಯೂ ಸಾಕು. ಆದುದರಿಂದ ಹೊರಗಿನಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಯೇ ಕೂಡಿಡಬೇಕು. ಸತ್ತುದನ್ನು ತೋಡಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಪೇಟೆಯಿಂದ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಬೆರೆಸುವುದು ಈಗಿನ ರೂಢಿ. ವೈರಸ್ಸಿಗೆ ಅದು ನಾಟುವುದಿಲ್ಲ. ಬೆಳ್ಳುಳ್ಳಿ, ಅರಸಿನಗಳಿಂದಲೂ ಕೊಕ್ಕರೆ ರೋಗ ಗುಣವಾಗದು. ಕೋಳಿ ಸಿಡುಬಿನ ಮಾತು ಬೇರೆ. ಜುಟ್ಟು, ರೆಪ್ಪೆಗಳ ಮೇಲೆ ಗಂಟೆದ್ದು ಸೊಳ್ಳೆಗಳ ಮೂಲಕ ಹರಡುವ ಅದು ಬಾಯಿಯೊಳಗೆ ಇಳಿಯದಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮಕ್ಕಳಿಗೆ ಬರುವ ಸೀತಾಳೆ ಸಿಡುಬಿಗೂ ಇದಕ್ಕೂ ಸಂಬಂಧವಿಲ್ಲ.

ಕೊಕ್ಕರೆ ರೋಗ ಮನುಷ್ಯರಿಗೆ ಅಷ್ಟಾಗಿ ತೊಂದರೆ ಕೊಡದು. ರೋಗಿ ಕೋಳಿಯನ್ನು ಮುಟ್ಟಿದವರ ಕಣ್ಣು ಕೆಲವು ದಿನ ಕೆಂಪಾಗಬಹುದು. ಆದರೆ 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರವನ್ನು ಮುಂಬಯಿಯವರು ಮರೆತಿರಲಾರರು. ಹೊರನೋಟಕ್ಕೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಿಂದ ಮುಟ್ಟದೆ, ಕೊಯ್ದು ತಿನ್ನದೆ, ಪಶುವೈದ್ಯರಿಗೆ ತಿಳಿಸುವುದೇ ಸರಿ.

ಕೊಕ್ಕರೆ ರೋಗಕ್ಕೆ ಲಸಿಕೆಯೊಂದೇ ರಕ್ಷೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ಎರಡು ತಿಂಗಳು ತುಂಬಿದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು. ಈ ಚುಚ್ಚುಮದ್ದಿನ ತಳಿ ಸಿದ್ಧವಾದುದು ಅದೇ ಕುಮಾವೂಂ ಸೀಮೆಯ ಮುಕ್ತೇಶ್ವರದಲ್ಲಿ. ಎಳೆಯ ಮರಿಗಳು ಇದನ್ನು ತಾಳಲಾರವು. ಮುಂದಿನ ಸರದಿಯನ್ನು ವೈದ್ಯರು ತಿಳಿಸುತ್ತಾರೆ.

ಇಷ್ಟು ಸುಲಭವಾದುದು ಹಿತ್ತಿಲಿಗೆ ಏಕೆ ತಲುಪುವುದಿಲ್ಲ? ಒಂದು ಕೋಳಿಯ ಪಾಲಿಗೆ ಬರುವ ಲಸಿಕೆಯ ಬೆಲೆ ಒಂದು ಮೊಟ್ಟೆಯ ಬೆಲೆಗಿಂತ ಕಡಿಮೆ. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯ ತಂಪಿನಲ್ಲಿಯೇ ತರಬೇಕು; ಒಮ್ಮೆ ಕಲಸಿದರೆ ಎರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಗಳ ಮುದುಕಿ ಒಬ್ಬಳೇ ಇದನ್ನು ಮಾಡುವುದೆಂತು? ಹತ್ತು ಮನೆಯವರು ಕೂಡಿದರೆ ಮಾತ್ರ ಸಾಧ್ಯ.

ರಜೆಯಲ್ಲಿ ಊರಿಗೆ ಹೋಗುವ ಮುಂಬಯಿವಾಸಿಗೆ ಇಲ್ಲಿ ಒಂದು ಕೆಲಸವಿದೆ. ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಂಡು, ನೆರೆಮನೆಗಳಿಗೆ ಹಿಂದಿನ ಸಂಜೆಯೇ ಹೇಳಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ ಸೀಸೆಯನ್ನು ತರಿಸಬೇಕು. ಬೆಳಕು ಹರಿಯುವ ಹೊತ್ತಿಗೆ, ಗೂಡಿನ ಬಾಗಿಲು ತೆರೆಯುವ ಮೊದಲೇ ಈ ಕೆಲಸ ಆಗಬೇಕು. ಒಮ್ಮೆ ಅಂಗಳಕ್ಕಿಳಿದ ಹೇಂಟೆಯನ್ನು ಹಿಡಿಯುವುದು ಪಶುವೈದ್ಯರಿಂದಲೂ ಆಗದು.