ಮೊಳೆತ ಅಲಸಂದೆ ಏಕೆ ಸೊರಗುತ್ತದೆ? ಮಣ್ಣಿನಲ್ಲಿ ಸೇರಿದ ಭಾರ ಲೋಹಗಳು ಮತ್ತು ದ್ವಿದಳ ಪೈರಿನ ಎಳೆಯ ಸಸಿ

ಬಿತ್ತಿದ ಅಲಸಂದೆ ನಾಲ್ಕೈದು ದಿನಗಳಲ್ಲಿ ಚೆನ್ನಾಗಿಯೇ ಮೊಳೆಯುತ್ತದೆ. ಸಾಲಿನಲ್ಲಿ ಒಂದು ಗುಣಿಯೂ ತಪ್ಪಿರುವುದಿಲ್ಲ. ಆದರೆ ಹದಿನೈದು ದಿನ ಕಳೆಯುವ ಹೊತ್ತಿಗೆ ಸಸಿ ನಿಂತಲ್ಲೇ ನಿಲ್ಲುತ್ತದೆ. ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕ ಭಾಗ ಹಳದಿಗೆ ತಿರುಗುತ್ತದೆ. ನೀರಿಗೆ ಕೊರತೆಯಿಲ್ಲ, ರೋಗದ ಮಚ್ಚೆಯಿಲ್ಲ, ಹುಳುವೂ ಇಲ್ಲ. ಇಂಥ ಸಂದರ್ಭದಲ್ಲಿ ನಮ್ಮ ಬೇಸಾಯಗಾರರು ಮೊದಲು ಯೂರಿಯಾ ಎರಚುತ್ತಾರೆ, ಅದಕ್ಕೂ ಬಗ್ಗದಿದ್ದರೆ ಬೀಜ ಕೊಟ್ಟ ಅಂಗಡಿಯವನನ್ನು ದೂರುತ್ತಾರೆ. ನಗರದ ಚರಂಡಿ ನೀರು ಹಾಯುವ ಹೊಲ, ವಿಂಗಡಿಸದ ಪೇಟೆಯ ಕಸ ಸುರಿದ ಹೊಲ, ಹತ್ತಾರು ವರ್ಷ ಬೋರ್ಡೋ ದ್ರಾವಣ ಬಿದ್ದ ಅಡಿಕೆ ತೋಟ, ಇವುಗಳಲ್ಲಿ ಈ ಲಕ್ಷಣ ಕಂಡರೆ ಬೀಜವನ್ನು ದೂರುವ ಮೊದಲು ಒಂದು ಸಸಿಯನ್ನು ಮಣ್ಣು ಸಮೇತ ಅಗೆದು, ನೀರಿನಲ್ಲಿ ತೊಳೆದು, ಬೇರನ್ನು ನೋಡಬೇಕು.

ಕ್ಯಾಡ್ಮಿಯಂ, ಸೀಸ, ಪಾದರಸ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಮುಂತಾದವನ್ನು ಭಾರ ಲೋಹಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಸತು, ತಾಮ್ರಗಳು ಪೈರಿಗೆ ಬೇಕಾದ ಲಘು ಪೋಷಕಾಂಶಗಳೇ. ನಿಕ್ಕಲ್ ಕೂಡ ಅತ್ಯಲ್ಪ ಪ್ರಮಾಣದಲ್ಲಿ ಬೇಕು. ಮಿತಿ ಮೀರಿದಾಗ ಇವೂ ವಿಷವಾಗುತ್ತವೆ. ಕ್ಯಾಡ್ಮಿಯಂ, ಸೀಸ, ಪಾದರಸಗಳಿಂದ ಮಾತ್ರ ಪೈರಿಗೆ ಯಾವ ಪ್ರಯೋಜನವೂ ಇಲ್ಲ. ಕೀಟನಾಶಕದಂತೆ ಇವು ಕಾಲಕ್ರಮದಲ್ಲಿ ಕೊಳೆತು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ಅದಕ್ಕೆ ಮೊದಲು ಹೆದ್ದಾರಿ ಬದಿಯ ಮಣ್ಣಿಗೆ ಬಿದ್ದ ಸೀಸದ ಬಹುಪಾಲು ಇಂದಿಗೂ ಮೇಲ್ಮಣ್ಣಿನಲ್ಲೇ ಇದೆ.

ಬೀಜ ಮೊಳೆಯುತ್ತದೆ, ಬೇರು ಸೋಲುತ್ತದೆ

ಬೀಜ ಮೊಳೆಯುವಾಗ ಮಣ್ಣಿನಿಂದ ಅದಕ್ಕೆ ಬೇಕಾದದ್ದು ಮುಖ್ಯವಾಗಿ ನೀರು. ಆಹಾರವೆಲ್ಲ ಎರಡು ಬೇಳೆಗಳಲ್ಲಿ ತುಂಬಿರುತ್ತದೆ. ಬೀಜದ ಸಿಪ್ಪೆಯೂ ಲೋಹಗಳನ್ನು ಬಹಳಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಸಾಕಷ್ಟು ಕೆಟ್ಟ ಮಣ್ಣಿನಲ್ಲಿಯೂ ಮೊಳಕೆಯ ಪ್ರಮಾಣ ಕಡಿಮೆಯಾಗದೆ ಇರಬಹುದು. ಮೊಳಕೆ ಚೆನ್ನಾಗಿ ಬಂದಿತೆಂದ ಮಾತ್ರಕ್ಕೆ ಮಣ್ಣು ಚೆನ್ನಾಗಿದೆಯೆಂದು ತಿಳಿಯುವಂತಿಲ್ಲ.

ತೊಂದರೆ ಆರಂಭವಾಗುವುದು ಬೇರಿನ ತುದಿ ಸಿಪ್ಪೆಯನ್ನು ಸೀಳಿ ಹೊರಬಂದ ಮೇಲೆ. ಬೇರು ಉದ್ದವಾಗುವುದು ತುದಿಯ ಕೆಲವೇ ಮಿಲಿಮೀಟರ್ ಜಾಗದಲ್ಲಿ ಜೀವಕೋಶಗಳು ಒಡೆದು ಹಿಗ್ಗುವುದರಿಂದ. ಲೋಹಗಳು ಹೊಡೆಯುವುದು ಈ ಜಾಗವನ್ನೇ. ತಾಯಿಬೇರು ಮೊಂಡಾಗಿ ದಪ್ಪವಾಗುತ್ತದೆ, ಬಣ್ಣ ಕಂದಾಗುತ್ತದೆ, ಕವಲು ಬೇರುಗಳು ಗಿಡ್ಡಾಗುತ್ತವೆ, ಬೇರುಗೂದಲು ವಿರಳವಾಗುತ್ತದೆ. ತಾಮ್ರ ಹೆಚ್ಚಾದಾಗ ಈ ಲಕ್ಷಣ ಬಹಳ ಸ್ಪಷ್ಟ. ಕೊಳೆ ರೋಗದಲ್ಲಿ ಬೇರು ಮೆತ್ತಗಾಗಿ ಸಿಪ್ಪೆ ಸುಲಿಯುತ್ತದೆ. ಲೋಹದಿಂದ ಕೆಟ್ಟ ಬೇರು ಗಿಡ್ಡಾದರೂ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ.

ಎಲೆ ಹಳದಿಯಾಗುವುದು ಎರಡನೆಯ ಹಂತ. ಕ್ಯಾಡ್ಮಿಯಂ ಬೇರಿನೊಳಗೆ ಹೋಗುವುದು ಕಬ್ಬಿಣ, ಸತು, ಸುಣ್ಣದ ಅಂಶಗಳು ಹೋಗುವ ಬಾಗಿಲಿನಿಂದಲೇ. ಹೀಗೆ ಅದು ಅವುಗಳ ದಾರಿಗೆ ಅಡ್ಡವಾಗುವುದರಿಂದ ಎಲೆಯಲ್ಲಿ ಕಬ್ಬಿಣದ ಕೊರತೆಯಂಥ ಲಕ್ಷಣ ಕಾಣುತ್ತದೆ. ಸುಣ್ಣದ ಕಪ್ಪು ಮಣ್ಣಿನಲ್ಲಿ ನೆಲಗಡಲೆ ಹಳದಿಯಾಗುವುದನ್ನು ನೋಡಿದವರು ಎರಡನ್ನೂ ಒಂದೇ ಎಂದುಕೊಳ್ಳುವುದು ಸಹಜ. ಅಲ್ಲಿ ಬೇರು ಬಹುಮಟ್ಟಿಗೆ ಸರಿಯಾಗಿರುತ್ತದೆ, ಇಲ್ಲಿ ಇರುವುದಿಲ್ಲ.

ಸಸಿ ಸುಮ್ಮನೆ ಸೋಲೊಪ್ಪುವುದೂ ಇಲ್ಲ. ಗಂಧಕವಿರುವ ಸಣ್ಣ ಪ್ರೋಟೀನಿನಂಥ ಪದಾರ್ಥಗಳನ್ನು ತಯಾರಿಸಿ, ಒಳಗೆ ಬಂದ ಲೋಹವನ್ನು ಅವುಗಳಿಂದ ಕಟ್ಟಿ, ಜೀವಕೋಶದ ಒಂದು ಮೂಲೆಯ ಕೋಣೆಗೆ ತಳ್ಳುತ್ತದೆ. ಜರ್ಮನಿಯ ವಿಜ್ಞಾನಿಗಳು 1985ರಲ್ಲಿ ಈ ಪದಾರ್ಥಗಳನ್ನು ಗುರುತಿಸಿದರು. ಆದರೆ ಎಲೆ, ಬೇರು ಬೆಳೆಸಲು ಬೇಕಾದ ಶಕ್ತಿಯನ್ನೇ ಸಸಿ ಈ ಕೆಲಸಕ್ಕೆ ವೆಚ್ಚ ಮಾಡಬೇಕಾಗುತ್ತದೆ.

ಬೇರುಗಂಟಿನ ಕಥೆ

ರಾಗಿ, ಜೋಳಗಳಿಗಿಂತ ದ್ವಿದಳ ಪೈರುಗಳಿಗೆ ಭಾರ ಲೋಹಗಳ ಪೆಟ್ಟು ಸಾಮಾನ್ಯವಾಗಿ ಹೆಚ್ಚು. ಇದಕ್ಕೆ ಒಂದು ಮುಖ್ಯ ಕಾರಣ ಬೇರುಗಂಟು. ರೈಜೋಬಿಯಂ ಅಣುಜೀವಿ ಒಳಗೆ ನುಗ್ಗುವುದು ಹೆಚ್ಚಾಗಿ ಬೇರುಗೂದಲಿನ ಮೂಲಕ. ಬೇರುಗೂದಲು ಕಡಿಮೆಯಾದರೆ ಗಂಟೂ ಕಡಿಮೆ. ಮಣ್ಣಿನಲ್ಲಿರುವ ಅಣುಜೀವಿಯೂ ಲೋಹಗಳಿಂದ ಸಾಯುತ್ತದೆ.

ಇದು ಎಷ್ಟು ಕಾಲ ಉಳಿಯುವ ಪರಿಣಾಮವೆಂಬುದಕ್ಕೆ ಇಂಗ್ಲೆಂಡಿನ ವೊಬರ್ನ್ ಎಂಬಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾಗಿದೆ. ಅಲ್ಲಿ 1942ರಿಂದ 1961ರವರೆಗೆ ಕೆಲವು ತಾಕುಗಳಿಗೆ ನಗರದ ಕೊಳಚೆಯ ಗಸಿಯನ್ನು ಗೊಬ್ಬರವಾಗಿ ಹಾಕಿದ್ದರು. ಹಾಕುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷಗಳ ಮೇಲಾದ ನಂತರ ಅದೇ ಮಣ್ಣಿನಲ್ಲಿ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಬೆಳೆದು ನೋಡಿದಾಗ ಗಂಟುಗಳು ಸಣ್ಣಗೆ, ಬೆಳ್ಳಗೆ ಇದ್ದವು. ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆದಿರಲಿಲ್ಲ. ಪರೀಕ್ಷಿಸಿದಾಗ, ಆ ಮಣ್ಣಿನಲ್ಲಿ ಬದುಕಿ ಉಳಿದಿದ್ದುದು ಗಂಟು ಕಟ್ಟಿದರೂ ಸಾರಜನಕ ಹಿಡಿಯಲಾರದ ರೈಜೋಬಿಯಂ ಮಾತ್ರ ಎಂದು ತಿಳಿದುಬಂದಿತು. ಗೊಬ್ಬರವೆಂದು ಹಾಕಿದ್ದೇ ಗೊಬ್ಬರ ತಯಾರಿಸುವ ಜೀವಿಯನ್ನು ಕೊಂದಿತ್ತು.

ತಿಂಗಳಾದ ಸಸಿಯ ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ.

ನಮ್ಮಲ್ಲಿ ಎಲ್ಲಿ ನೋಡಬೇಕು

ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರನ್ನೂ ಪೀಣ್ಯ ಕಡೆಯ ಕಾರ್ಖಾನೆಗಳ ನೀರನ್ನೂ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕಗಳಿರುವುದರಿಂದ ಪೈರು ಮೊದಮೊದಲು ಹುಲುಸಾಗಿಯೇ ಬೆಳೆಯುತ್ತದೆ. ಲೋಹಕ್ಕೆ ಲೇಪನ ಮಾಡುವ ಕಾರ್ಖಾನೆಗಳಿಂದ ಬರುವ ಕ್ರೋಮಿಯಂ, ನಿಕ್ಕಲ್, ಸತುಗಳ ಲೆಕ್ಕ ನಿಧಾನವಾಗಿ ಕೂಡುತ್ತಾ ಹೋಗುತ್ತದೆ. ನಗರದ ಕಾಂಪೋಸ್ಟ್ ಕೊಳ್ಳುವವರು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಗಳನ್ನು ತಿಳಿದಿರಬೇಕು: ಒಂದು ಕಿಲೋ ಕಾಂಪೋಸ್ಟಿನಲ್ಲಿ ಕ್ಯಾಡ್ಮಿಯಂ 5, ನಿಕ್ಕಲ್ 50, ಸೀಸ 100 ಮಿಲಿಗ್ರಾಂ ಮೀರಬಾರದು. ಲಾರಿಯಲ್ಲಿ ಬಂದು ಸುರಿದು ಹೋಗುವ ಕಸಕ್ಕೆ ಇಂಥ ಪರೀಕ್ಷೆ ನಡೆದಿರುವುದಿಲ್ಲ. ಅಗ್ಗವೆಂದು ಅದನ್ನು ಒಪ್ಪಿಕೊಳ್ಳಬೇಡಿ.

ಮಲೆನಾಡಿನ ಅಡಿಕೆ ತೋಟದವರು ಕೂಡ ಒಂದು ಲೆಕ್ಕ ಹಾಕಿ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಿಂದಲೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಆಧಾರ, ಅದನ್ನು ಬಿಡಿ ಎಂದು ಯಾರೂ ಹೇಳುವಂತಿಲ್ಲ. ಆದರೆ ಶೇಕಡಾ 1ರ 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಕಾಲು ಭಾಗ, ಅಂದರೆ 250 ಗ್ರಾಂ, ತಾಮ್ರ. ಎಕರೆಗೆ ವರ್ಷಕ್ಕೆ 800 ಲೀಟರ್ ಸಿಂಪಡಿಸುವವರು 2 ಕಿಲೋ ತಾಮ್ರ ಹಾಕಿದಂತಾಯಿತು. 30 ವರ್ಷಕ್ಕೆ 60 ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಎಲ್ಲವೂ ಅಲ್ಲೇ ಉಳಿದರೆ ಕಿಲೋ ಮಣ್ಣಿಗೆ 65 ಮಿಲಿಗ್ರಾಂನಷ್ಟು ತಾಮ್ರ ಹೊಸದಾಗಿ ಸೇರಿತು. ಮಳೆ ನೀರಿನಲ್ಲಿ, ಕೊಯ್ಲಿನಲ್ಲಿ ಒಂದಿಷ್ಟು ಹೋದೀತು. ಆಳಕ್ಕೆ ಬೇರು ಬಿಟ್ಟ ಅಡಿಕೆ ಮರ ಇದನ್ನು ತಾಳಿಕೊಳ್ಳಬಹುದು. ಅದರ ಕೆಳಗೆ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ ಅಲಸಂದೆಯ ಎಳೆಬೇರು ಇರುವುದು ಆ ಅರ್ಧ ಅಡಿಯಲ್ಲೇ. ಮಣ್ಣು ಹುಳಿಯಾಗಿದ್ದರಂತೂ ತಾಮ್ರ ಮತ್ತಷ್ಟು ಸುಲಭವಾಗಿ ಕರಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ

ಮೂರು ಮಣ್ಣಿನ ಕುಂಡಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಸಂಶಯವಿರುವ ಮಣ್ಣು, ಇನ್ನೊಂದಕ್ಕೆ ಅದೇ ಜಾತಿಯ, ಆದರೆ ಆ ನೀರು ಅಥವಾ ಸಿಂಪಡಣೆ ತಾಗದ ಮಣ್ಣು ತುಂಬಿರಿ. ಮೂರನೆಯದಕ್ಕೆ ಸಂಶಯದ ಮಣ್ಣನ್ನೇ ಕಿಲೋಗೆ 2 ಗ್ರಾಂ ಅರಳಿದ ಸುಣ್ಣ ಬೆರೆಸಿ ತುಂಬಿ, ಎರಡು ವಾರ ತೇವವಾಗಿ ಇಡಿ. ನಂತರ ಮೂರಕ್ಕೂ ಹತ್ತು ಹತ್ತು ಹೆಸರು ಕಾಳು ಬಿತ್ತಿ, ಒಂದೇ ಬಾವಿಯ ನೀರು ಹಾಕಿ. ನೀರು ನಿಲ್ಲಬಾರದು. ಹತ್ತನೆಯ ದಿನ ಬೇರು ಕೀಳದಂತೆ ಸಸಿಗಳನ್ನು ತೊಳೆದು ತೆಗೆದು, ತಾಯಿಬೇರಿನ ಉದ್ದ ಅಳೆಯಿರಿ. ಒಳ್ಳೆಯ ಮಣ್ಣಿನ ಬೇರಿಗಿಂತ ಅರ್ಧದಷ್ಟೇ ಇದ್ದರೆ ಮಣ್ಣನ್ನು ಪ್ರಯೋಗಶಾಲೆಗೆ ಕಳುಹಿಸಲೇಬೇಕು. ಸುಣ್ಣದ ಕುಂಡದಲ್ಲಿ ಬೇರು ಚೇತರಿಸಿದ್ದರೆ ದೋಷದಲ್ಲಿ ಹುಳಿಯ ಪಾಲಿದೆಯೆಂದು ಅರ್ಥ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕೂಡ ಬೇರನ್ನು ಹೀಗೆಯೇ ಮೊಂಡು ಮಾಡುತ್ತದೆ. ಎರಡಕ್ಕೂ ಸುಣ್ಣ ಸಹಾಯಕ. ಚರಂಡಿ ನೀರಿನಿಂದ ಮಣ್ಣು ಈಗಾಗಲೇ ಕ್ಷಾರವಾಗಿದ್ದರೆ ಸುಣ್ಣ ಹಾಕಬಾರದು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಸಸಿ ಕೆಟ್ಟಿರುವುದನ್ನು ಇದು ತೋರಿಸುತ್ತದೆಯೇ ಹೊರತು ಕಾಳು, ಸೊಪ್ಪು ತಿನ್ನಲು ಯೋಗ್ಯವೇ ಎಂಬುದನ್ನಲ್ಲ. ಸೀಸ, ಕ್ರೋಮಿಯಂಗಳ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಪೈರು ಆರೋಗ್ಯವಾಗಿ ಕಾಣುವಾಗಲೇ ಎಲೆಗೆ ಏರಿರಬಹುದು. ಸಾಮಾನ್ಯವಾಗಿ ಕಾಳಿಗಿಂತ ಎಲೆಯಲ್ಲಿ ಇದರ ಅಂಶ ಹೆಚ್ಚು. ಆದ್ದರಿಂದ ಸಂಶಯದ ಹೊಲದ ಅಲಸಂದೆ ಸೊಪ್ಪನ್ನು ಸಾರಿಗೆ ಬಳಸುವುದು, ಹೊಟ್ಟನ್ನು ಹಸುವಿಗೆ ಹಾಕುವುದು ಬೇಡ.

ದೋಷ ಖಚಿತವಾದರೆ ಮೊದಲ ಕೆಲಸ ಅದರ ಮೂಲವನ್ನು ನಿಲ್ಲಿಸುವುದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವು ಲೋಹಗಳನ್ನು, ವಿಶೇಷವಾಗಿ ತಾಮ್ರವನ್ನು, ಹಿಡಿದಿಡುತ್ತದೆ. ರಂಜಕವು ಸೀಸವನ್ನು ಕಟ್ಟುತ್ತದೆ. ರೈಜೋಬಿಯಂ ಲೇಪಿಸಿದ ಬೀಜವನ್ನು ಪ್ರತಿ ಸಲವೂ ಬಿತ್ತಬೇಕು, ಏಕೆಂದರೆ ಗಂಟಿನೊಳಗೆ ಕ್ಷೇಮವಾಗಿರುವ ಅಣುಜೀವಿ ಹೊರಗಿನ ಮಣ್ಣಿನಲ್ಲಿ ಮುಂದಿನ ಹಂಗಾಮಿನವರೆಗೆ ಉಳಿಯುವ ಭರವಸೆಯಿಲ್ಲ. ಲೋಹ ಹೀರುವ ಗಿಡ ಬೆಳೆಸಿ ಮಣ್ಣನ್ನು ಶುದ್ಧಗೊಳಿಸುವ ವಿಧಾನವನ್ನು ಕೆಲವರು ಕೇಳುತ್ತಾರೆ. ಅದಕ್ಕೆ ಹಲವು ವರ್ಷ ಬೇಕು, ಕೊಯ್ದ ಗಿಡವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಯೂ ಉಳಿಯುತ್ತದೆ. ಎರಡು ಎಕರೆ ನಂಬಿ ಬದುಕುವವರಿಗೆ ನಾನು ಅದನ್ನು ಸಲಹೆ ಮಾಡಲಾರೆ. ತೀರ ಕೆಟ್ಟ ಹೊಲದಲ್ಲಿ ಹೂವು ಅಥವಾ ಮರಮಟ್ಟು ಬೆಳೆಯುವುದು ಮೇಲು.

ಮಣ್ಣಿನ ಮಾದರಿ ಕಳುಹಿಸುವಾಗ ಭಾರ ಲೋಹಗಳ ಪರೀಕ್ಷೆ ಬೇಕೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಕ್ಯಾಡ್ಮಿಯಂ, ಸೀಸಗಳನ್ನು ನೋಡುವುದಿಲ್ಲ. ಮಾದರಿಯನ್ನು ಸತು ಲೇಪಿಸಿದ ತಗಡಿನ ಬಕೆಟ್ಟಿನಲ್ಲಿ ಬೆರೆಸಬೇಡಿ. ಪ್ಲಾಸ್ಟಿಕ್ ಬಕೆಟ್ಟು, ಮರದ ಕಡ್ಡಿ ಬಳಸಿ, ನೆರಳಿನಲ್ಲಿ ಒಣಗಿಸಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಕಿಲೋ ಕಳುಹಿಸಿದರೆ ಸಾಕು.