ಮಿದುಳಿನ ರಕ್ತಸಂಚಾರ: ಎಂ.ಆರ್.ಐ. ವೇಗವೇಕೆ ಮುಖ್ಯ?

ಆಯುರ್ವೇದವು ಶಿರಸ್ಸನ್ನು ‘ಉತ್ತಮಾಂಗ’ವೆಂದು ಕರೆಯುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2, ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಶೇ. 15ರಷ್ಟು ಅದಕ್ಕೇ ಸಲ್ಲುತ್ತದೆ. ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ಆ ಭಾಗವು ಕೆಲಸ ನಿಲ್ಲಿಸುತ್ತದೆ. 10ಕ್ಕಿಂತ ಕೆಳಗಿಳಿದರೆ ಬೇಗನೆ ಸಾಯುತ್ತದೆ. ಪಾರ್ಶ್ವವಾಯುವಿನಲ್ಲಿ ಇವೆರಡರ ನಡುವಿನ ಭಾಗವೇ ಇನ್ನೂ ಉಳಿಸಿಕೊಳ್ಳಬಹುದಾದದ್ದು. ಅದನ್ನು ಗುರುತಿಸಲು ರಕ್ತದ ಹರಿವನ್ನು ಅಳೆಯಬೇಕು.

ಅಳೆಯುವ ಬಗೆ ಸರಳವಾಗಿದೆ. ಹರಿಯುವ ಕಾಲುವೆಗೆ ಒಂದು ಹಿಡಿ ಅರಿಶಿನ ಹಾಕಿ, ಕೆಳಗಿನ ಸೇತುವೆಯ ಮೇಲೆ ನಿಂತು ನೋಡಿರಿ. ಬಣ್ಣ ಯಾವಾಗ ಬಂತು, ಎಷ್ಟು ಗಾಢವಾಯಿತು, ಯಾವಾಗ ತಿಳಿಯಾಯಿತು ಎಂಬುದರಿಂದ ನೀರಿನ ಓಟ ತಿಳಿಯುತ್ತದೆ. ಎಂ.ಆರ್.ಐ.ಯಲ್ಲಿ ಅರಿಶಿನದ ಬದಲು ಗ್ಯಾಡೋಲಿನಿಯಂ ಎಂಬ ಧಾತುವಿನ ದ್ರಾವಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ.

ಆದರೆ ಆರೋಗ್ಯವಂತ ಮಿದುಳಿನ ಸೂಕ್ಷ್ಮನಾಳಗಳನ್ನು ರಕ್ತವು ನಾಲ್ಕೈದು ಸೆಕೆಂಡುಗಳಲ್ಲೇ ದಾಟಿಬಿಡುತ್ತದೆ. ಆದ್ದರಿಂದ ಇಡೀ ಮಿದುಳಿನ ಚಿತ್ರವನ್ನು ಸುಮಾರು ಒಂದೂವರೆ ಸೆಕೆಂಡಿಗೊಮ್ಮೆಯಾದರೂ ತೆಗೆಯಬೇಕು. ಸೇತುವೆಯ ಮೇಲೆ ನಿಂತವನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಣ್ಣದ ಗಾಢವಾದ ಅಲೆ ಸಾಗಿಹೋದರೆ ಅವನ ಲೆಕ್ಕ ತಪ್ಪುತ್ತದೆಯಷ್ಟೆ! ಹಾಗೆಯೇ ಚಿತ್ರಗಳ ನಡುವೆ ಅಂತರ ಹೆಚ್ಚಿದರೆ ಹರಿವು ಇದ್ದುದಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ. ಉಳಿಯುವ ಭಾಗದ ಗಡಿಯೇ ಬದಲಾಗಬಹುದು. ಹೃದಯ ದುರ್ಬಲವಾದವರಲ್ಲಿ ದ್ರಾವಣವು ತಡವಾಗಿ ತಲಪುವುದರಿಂದ, ಬೇಗಬೇಗ ಚಿತ್ರ ತೆಗೆಯುವುದರ ಜೊತೆಗೆ ಸಾಕಷ್ಟು ಹೊತ್ತು ತೆಗೆಯುವುದೂ ಅಗತ್ಯ.

ಇಂತಹ ವೇಗವನ್ನು ಸಾಧ್ಯವಾಗಿಸಿದ ವಿಧಾನವನ್ನು 1977ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್. 2003ರಲ್ಲಿ ಅವರು ನೊಬೆಲ್ ಪುರಸ್ಕಾರ ಹಂಚಿಕೊಂಡರು. ವೇಗಕ್ಕೆ ಬೆಲೆಯೂ ಉಂಟು: ಬೇಗ ತೆಗೆದ ಚಿತ್ರ ತುಸು ಮಸುಕಾಗಿರುತ್ತದೆ. ಇಲ್ಲಿ ಅಂದಕ್ಕಿಂತ ಸಮಯದ ನಿಖರತೆಯೇ ದೊಡ್ಡದು.

ಹರಿವನ್ನು ಅಳೆಯುವ ಈ ಭಾಗವು ಒಂದೆರಡು ನಿಮಿಷದ್ದು. ಆಗ ತಲೆಯನ್ನು ಅಲುಗಿಸಬಾರದು. ಮೂತ್ರಪಿಂಡದ ತೊಂದರೆಯಿದ್ದರೆ, ದೇಹದಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು.

ಕೊನೆಯದಾಗಿ ಒಂದು ವಿನಂತಿ. ಬಾಯಿ ಸೊಟ್ಟಗಾದ, ಕೈ ಸೋತ, ಮಾತು ತೊದಲಿದ ಕೂಡಲೇ ರೋಗಿಯನ್ನು ಎಣ್ಣೆ ತಿಕ್ಕಿಸಲು ನಮ್ಮಂತಹ ವೈದ್ಯರ ಬಳಿಗೆ ತರಬೇಡಿರಿ. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿಯಷ್ಟೇ ಇದೆ. ಅಭ್ಯಂಗಕ್ಕೆ ಮುಂದೆ ಕಾಲವಿದೆ, ಮೊದಲು ಆಸ್ಪತ್ರೆ. ಯಂತ್ರ ಎಷ್ಟೇ ವೇಗವಾಗಿದ್ದರೂ, ಮನೆಯಲ್ಲಿ ಕಳೆದ ಹೊತ್ತನ್ನು ಅದು ಮರಳಿ ತರಲಾರದು.